ವರ್ಷವಿಡೀ ತುಂಬಿರುವ ಕೆರೆ ಏಕೆ ಕಾಯಿಲೆ ಬೀಳುತ್ತದೆ?

ಪ್ರಶ್ನೆ: ನಮ್ಮೂರು ಆನೇಕಲ್ ತಾಲ್ಲೂಕಿನಲ್ಲಿದೆ. ಊರ ಕೆರೆ ಸುಮಾರು ನೂರು ಎಕರೆ. ನಾನು ಚಿಕ್ಕವನಿದ್ದಾಗ ಅದು ಮಳೆಗಾಲದಲ್ಲಿ ತುಂಬಿ, ಏಪ್ರಿಲ್ ಹೊತ್ತಿಗೆ ಬತ್ತಿ ಬಿರುಕು ಬಿಡುತ್ತಿತ್ತು. ನೀರಿದ್ದಷ್ಟು ದಿನ ಮಾತ್ರ ತಿಳಿಯಾಗಿರುತ್ತಿತ್ತು. ಸೊಂಟಮಟ್ಟದ ನೀರಿನಲ್ಲಿ ನಿಂತರೆ ಪಾದ ಕಾಣುತ್ತಿತ್ತು. ಈಗ ಹದಿನೈದು ವರ್ಷಗಳಿಂದ ಕೆರೆ ಒಮ್ಮೆಯೂ ಬತ್ತಿಲ್ಲ, ಆದರೆ ನೀರು ಸೊಪ್ಪು ಅರೆದು ಕಲಸಿದಂತೆ ಹಸಿರಾಗಿದೆ. ಪ್ರತಿ ಬೇಸಿಗೆಯಲ್ಲಿ ಒಂದೆರಡು ಬಾರಿ ಮೀನುಗಳು ಸತ್ತು ತೇಲುತ್ತವೆ, ಅದೂ ಬೆಳಗಿನ ಜಾವದಲ್ಲಿ. ಹೂಳೆತ್ತಿದರೆ ಸರಿಹೋಗುತ್ತದೆ ಎಂದು ಕೆಲವರು, ಇದೆಲ್ಲ ಹವಾಮಾನ ಬದಲಾವಣೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ನಿಜ? ಕೆರೆ ಮೊದಲಿನಂತಾಗಲು ಎಷ್ಟು ಕಾಲ ಬೇಕು?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಕೆರೆ ಹದಿನೈದು ವರ್ಷಗಳಿಂದ ಬತ್ತಿಲ್ಲ ಎಂದು ನೀವು ಬರೆದ ಮಾತನ್ನು ಬಹುತೇಕರು ಕೆರೆಯ ಭಾಗ್ಯವೆಂದು ಭಾವಿಸುತ್ತಾರೆ. ನಾನು ಅದನ್ನು ರೋಗದ ಮೊದಲ ಲಕ್ಷಣವೆಂದು ಓದುತ್ತೇನೆ. ಬಯಲುಸೀಮೆಯ ಕೆರೆ ಬೇಸಿಗೆಯಲ್ಲಿ ಬತ್ತುವುದು ಅದರ ಕೊರತೆಯಾಗಿರಲಿಲ್ಲ. ಅದರ ಆರೋಗ್ಯವನ್ನು ವರ್ಷಕ್ಕೊಮ್ಮೆ ಮರಳಿ ಕಟ್ಟುತ್ತಿದ್ದ ಕ್ರಿಯೆಯೇ ಅದಾಗಿತ್ತು.

ಮೊದಲು ಹಳೆಯ ಕೆರೆ ಹೇಗೆ ನಡೆಯುತ್ತಿತ್ತು ಎಂಬುದನ್ನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ದಿಬ್ಬದ ಮೇಲಿದೆ. ಈ ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನೆಲದಲ್ಲಿ ಹಿಂದಿನವರು ಹಳ್ಳಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವಂತೆ ಸರಪಳಿ ಹೆಣೆದರು. ಹಾಗಾಗಿ ನಿಮ್ಮ ಊರಿನದು ಪ್ರಕೃತಿ ಕೊಟ್ಟ ಸರೋವರವಲ್ಲ, ಮನುಷ್ಯರು ಕಟ್ಟಿದ, ಆದರೆ ನೂರಾರು ವರ್ಷಗಳಲ್ಲಿ ಪ್ರಕೃತಿ ತನ್ನದನ್ನಾಗಿ ಮಾಡಿಕೊಂಡ ಜಲವ್ಯವಸ್ಥೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆರೆಗೆ ಬರುತ್ತಿದ್ದ ನೀರು ಕೆಂಪಾಗಿರುತ್ತಿತ್ತು. ಹಳೆಯ ಕೆರೆಗಳೆಲ್ಲ ಸದಾ ಸ್ಫಟಿಕದಂತಿದ್ದವು ಎಂಬ ನೆನಪು ಅಷ್ಟು ಸರಿಯಲ್ಲ. ನಿಮ್ಮ ಪಾದ ಕಾಣುತ್ತಿದ್ದುದು ಬಹುಶಃ ದೀಪಾವಳಿಯ ನಂತರ, ಮಣ್ಣು ತಳಕ್ಕಿಳಿದು ನೀರು ನಿಂತ ಮೇಲೆ. ಬೆಳಕು ತಳ ಮುಟ್ಟಿದೊಡನೆ ಅಲ್ಲಿ ಬೇರೂರಿದ ಜಲಸಸ್ಯಗಳು ಬೆಳೆಯುತ್ತಿದ್ದವು, ಅಂಚಿನಲ್ಲಿ ಜೊಂಡು ಮತ್ತು ಆಪು, ಸ್ವಲ್ಪ ಒಳಗೆ ನೈದಿಲೆ. ಈ ಗಿಡಗಳು ಹೂಳನ್ನು ಹಿಡಿದಿಟ್ಟು, ನೀರಿನೊಳಗಿನ ಪೋಷಕಾಂಶವನ್ನು ಹೀರಿ, ಪಾಚಿಯನ್ನು ತಿನ್ನುವ ಸೂಕ್ಷ್ಮ ಜೀವಿಗಳಿಗೆ ಮರೆ ಕೊಡುತ್ತಿದ್ದವು. ತೂಬು ತೆರೆದು ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದಂತೆ ಮಟ್ಟ ಇಳಿದು, ಸುತ್ತಲೂ ಕೆಸರಿನ ಅಂಚು ಬಿಚ್ಚಿಕೊಳ್ಳುತ್ತಿತ್ತು, ಚಳಿಗಾಲದ ವಲಸೆ ಹಕ್ಕಿಗಳು ಆ ಅಂಚಿನಲ್ಲಿ ಹುಳು ಹುಡುಕುತ್ತಿದ್ದವು. ಯುಗಾದಿಯ ಹೊತ್ತಿಗೆ ಅಂಗಳ ಒಣಗಿದಾಗ ರೈತರು ಗಾಡಿ ಕಟ್ಟಿ ಗೋಡುಮಣ್ಣು ಹೊಡೆಯುತ್ತಿದ್ದರು. ಇದು ಹೊಲಕ್ಕೆ ಗೊಬ್ಬರವಾಯಿತು ಎಂಬುದಷ್ಟೇ ನಮಗೆ ನೆನಪಿದೆ. ಕೆರೆಯ ಲೆಕ್ಕದಲ್ಲಿ ನೋಡಿದರೆ, ಮಳೆ ತಂದು ತುಂಬಿದ ರಂಜಕ, ಅಂದರೆ ಫಾಸ್ಫರಸ್, ವರ್ಷಕ್ಕೊಮ್ಮೆ ಗಾಡಿಯ ಮೇಲೆ ಕೆರೆಯಿಂದ ಹೊರಗೆ ಹೋಗುತ್ತಿತ್ತು. ಉಳಿದ ಮಣ್ಣು ಬಿರುಕು ಬಿಟ್ಟು, ಬಿರುಕಿನೊಳಕ್ಕೆ ಗಾಳಿ ಇಳಿದು, ಕೊಳೆಯದೆ ಉಳಿದಿದ್ದ ಕಸಕಡ್ಡಿಯೆಲ್ಲ ಆಮ್ಲಜನಕ ಸಿಕ್ಕಿ ಕರಗುತ್ತಿತ್ತು. ಆ ಒಣ ಮಣ್ಣಿನಲ್ಲಿಯೇ ಸೂಕ್ಷ್ಮಪ್ರಾಣಿಗಳ ಗಟ್ಟಿ ಮೊಟ್ಟೆಗಳು ಮುಂದಿನ ಮಳೆಗಾಗಿ ಮಲಗಿರುತ್ತಿದ್ದವು. ಹೊಸ ನೀರು ಬಂದಾಗ ಎಲ್ಲವೂ ಮೊದಲಿನಿಂದ.

ಈ ವಾರ್ಷಿಕ ಚಕ್ರ ಎಲ್ಲಿ ತುಂಡಾಯಿತು? 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂದಿತು. ಹೆಸರಘಟ್ಟದ ಕೆರೆಯಿಂದ 1890ರ ದಶಕದಲ್ಲಿ ಮತ್ತು ಅರ್ಕಾವತಿಯ ತಿಪ್ಪಗೊಂಡನಹಳ್ಳಿಯಿಂದ 1930ರ ದಶಕದಲ್ಲಿ ತಂದ ನೀರು ಸಾಲದೆ, ನೂರು ಕಿಲೋಮೀಟರ್ ದೂರದ ನದಿಯನ್ನು ಪಂಪು ಹಾಕಿ ಮೇಲೇರಿಸಿದೆವು. ಕಾವೇರಿಯ ಕೊಳವೆ ತಲುಪದ ಹೊರವಲಯದಲ್ಲಿ ಕೊಳವೆಬಾವಿಗಳು ಆ ಕೆಲಸ ಮಾಡಿದವು. ಮನೆಗೆ ಬಂದ ನೀರು ಮನೆಯಿಂದ ಹೊರಗೆ ಹೋಗಲೇಬೇಕು, ಇಳಿಜಾರು ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಗೇ ಹೋಗಬೇಕು. ಮಳೆನೀರು ಹರಿಯಲು ಇದ್ದ ರಾಜಕಾಲುವೆಗಳೇ ಕೊಳಚೆಯ ದಾರಿಯಾದವು. ಮಳೆ ನಿಂತರೂ ಕೊಳಚೆ ನಿಲ್ಲುವುದಿಲ್ಲ, ಆದ್ದರಿಂದ ಕೆರೆ ಬತ್ತುವುದು ನಿಂತಿತು. ನಿಮ್ಮ ಕೆರೆ ತುಂಬಿರುವುದು ವರುಣನ ಕೃಪೆಯಿಂದಲ್ಲ, ಮೇಲಿನ ಬಡಾವಣೆಗಳ ಸ್ನಾನದ ಮನೆ ಮತ್ತು ಶೌಚಾಲಯಗಳಿಂದ.

ಇದನ್ನು ಅಂಕಿಗಳಲ್ಲಿ ಹಿಡಿದು ನೋಡುವುದು ಒಳ್ಳೆಯದು, ಏಕೆಂದರೆ ಅಂಕಿಗಳಿಲ್ಲದೆ ಈ ಬದಲಾವಣೆಯ ಗಾತ್ರ ಮನಸ್ಸಿಗೆ ಇಳಿಯುವುದಿಲ್ಲ. ನೂರು ಎಕರೆ ಎಂದರೆ ಸುಮಾರು 40 ಹೆಕ್ಟೇರ್. ಸರಾಸರಿ ಆಳ 2 ಮೀಟರ್ ಎಂದಿಟ್ಟುಕೊಂಡರೆ ನಿಮ್ಮ ಕೆರೆ ತುಂಬಿದಾಗ ಸುಮಾರು 80 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಒಬ್ಬ ಮನುಷ್ಯನ ದಿನದ ಕೊಳಚೆಯಲ್ಲಿ ಸುಮಾರು ಒಂದೂವರೆ ಗ್ರಾಂ ರಂಜಕವಿರುತ್ತದೆ. ಮೇಲ್ಭಾಗದಲ್ಲಿ ಐದು ಸಾವಿರ ಜನ ವಾಸವಾಗಿದ್ದರೆ, ಅದು ಇಂದಿನ ಆನೇಕಲ್‌ನಲ್ಲಿ ದೊಡ್ಡ ಸಂಖ್ಯೆಯೇನಲ್ಲ, ದಿನಕ್ಕೆ ಏಳೂವರೆ ಕಿಲೋ, ವರ್ಷಕ್ಕೆ ಎರಡೂಮುಕ್ಕಾಲು ಟನ್ ರಂಜಕ ಕೆರೆಗೆ ಬರುತ್ತದೆ. ಅಷ್ಟನ್ನೂ ಕೆರೆಯ ನೀರಿನಲ್ಲಿ ಕದಡಿದರೆ ಲೀಟರ್‌ಗೆ ಮೂರು ಮಿಲಿಗ್ರಾಂ ಮೀರುತ್ತದೆ. ಸರೋವರ ವಿಜ್ಞಾನದಲ್ಲಿ ಲೀಟರ್‌ಗೆ 0.035 ಮಿಲಿಗ್ರಾಂ ದಾಟಿದ ನೀರನ್ನೇ ಪೋಷಕಾಂಶ ಹೆಚ್ಚಾದ ನೀರು ಎಂದು ಕರೆಯುತ್ತಾರೆ, 0.1 ದಾಟಿದರೆ ಅತಿಯಾಯಿತು ಎನ್ನುತ್ತಾರೆ. ಬಂದದ್ದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತಳಕ್ಕಿಳಿದೋ ಕೋಡಿಯಲ್ಲಿ ಹರಿದೋ ಹೋದರೂ ಉಳಿದ ಐದು ಪಾಲೇ ಕೆರೆಯನ್ನು ಹಸಿರು ಮಾಡಲು ಸಾಕು.

ಸಾರಜನಕ, ಇಂಗಾಲ ಎಲ್ಲವೂ ಇರುವಾಗ ರಂಜಕದ ಮೇಲೆಯೇ ಏಕೆ ಇಷ್ಟು ಒತ್ತು ಎಂದು ನೀವು ಕೇಳಬಹುದು. ಈ ವಿವಾದ 1960ರ ದಶಕದಲ್ಲಿ ತೀವ್ರವಾಗಿತ್ತು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು ಡಮರುವಿನ ಆಕಾರದ ಒಂದು ಪುಟ್ಟ ಸರೋವರದ ನಡುವಿನ ಇಕ್ಕಟ್ಟಿಗೆ ಪರದೆ ಕಟ್ಟಿ ಎರಡು ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು, ಇನ್ನೊಂದಕ್ಕೆ ಆ ಎರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಇನ್ನೊಂದು ಇದ್ದಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರ ಇಂದಿಗೂ ನಮ್ಮ ವಿದ್ಯಾರ್ಥಿಗಳಿಗೆ ತೋರಿಸುವ ಮೊದಲ ಚಿತ್ರ. ಕೊಳಚೆ ವಿಪರೀತವಾಗಿರುವ ಬಿಸಿ ನಾಡಿನ ಕೆರೆಗಳಲ್ಲಿ ಸಾರಜನಕದ ಪಾತ್ರ ಇನ್ನಷ್ಟು ದೊಡ್ಡದು ಎಂಬುದು ನಿಜ, ಅದನ್ನು ಅಲಕ್ಷಿಸುವಂತಿಲ್ಲ. ಆದರೆ ಸಾರಜನಕಕ್ಕೆ ಗಾಳಿಗೆ ಮರಳುವ ದಾರಿ ಇದೆ. ರಂಜಕಕ್ಕೆ ಆ ದಾರಿ ಇಲ್ಲ, ಅದು ಕೆರೆಯಲ್ಲಿಯೇ ಕೂರುತ್ತದೆ. ಒಂದು ಗ್ರಾಂ ರಂಜಕ ಸುಮಾರು ನೂರು ಗ್ರಾಂ ಒಣ ತೂಕದ ಪಾಚಿಯನ್ನು ಬೆಳೆಸಬಲ್ಲದು, ಆ ಪಾಚಿ ಸತ್ತು ಕೊಳೆಯುವಾಗ ಅದಕ್ಕಿಂತಲೂ ಹೆಚ್ಚು ತೂಕದ ಆಮ್ಲಜನಕವನ್ನು ನೀರಿನಿಂದ ಕಿತ್ತುಕೊಳ್ಳುತ್ತದೆ.

ಇಲ್ಲಿಂದ ನಿಮ್ಮ ಮೀನುಗಳ ಸಾವಿಗೆ ಬರೋಣ. ಇಂತಹ ಕೆರೆಯೊಂದರ ಏರಿಯ ಮೇಲೆ ನಾನು ಮಾರ್ಚ್ ತಿಂಗಳಲ್ಲಿ ಆಮ್ಲಜನಕ ಅಳೆಯುವ ಯಂತ್ರ ಹಿಡಿದು ಕಳೆದ ಒಂದು ಹಗಲು ಮತ್ತು ರಾತ್ರಿ ಈಗಲೂ ಕಣ್ಣ ಮುಂದಿದೆ. ಮಧ್ಯಾಹ್ನ ಮೂರು ಗಂಟೆಗೆ ನೀರಿನ ಮೇಲ್ಪದರದಲ್ಲಿ ಆಮ್ಲಜನಕ ಉಕ್ಕುತ್ತಿತ್ತು, ನೀರು ಹಿಡಿಯಬಲ್ಲ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು, ಅಂಚಿನ ಪಾಚಿಯಿಂದ ಸಣ್ಣ ಗುಳ್ಳೆಗಳು ಏಳುವುದು ಬರಿಗಣ್ಣಿಗೆ ಕಾಣುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅಂಕಿ ಇಳಿಯತೊಡಗಿತು. ಹಗಲಿನಲ್ಲಿ ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿ ಅದನ್ನು ಉಸಿರಾಡುತ್ತದೆ, ತಳದ ಕೊಳೆತವೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ. ನಾಲ್ಕು ಗಂಟೆಗೆ ಅಂಕಿ ಲೀಟರ್‌ಗೆ ಒಂದು ಮಿಲಿಗ್ರಾಂಗೂ ಕೆಳಗಿಳಿದಿತ್ತು. ಐದು ಗಂಟೆಯ ನಸುಕಿನಲ್ಲಿ ತೂಬಿನ ಬಳಿ ನೂರಾರು ಜಿಲೇಬಿ ಮೀನುಗಳು ಬಾಯಿಯನ್ನು ನೀರಿನ ಮೇಲ್ಮೈಗೆ ಒತ್ತಿಕೊಂಡು, ಮೇಲಿನ ಒಂದೆರಡು ಮಿಲಿಮೀಟರ್ ಪದರದಲ್ಲಿ ಉಳಿದಿದ್ದಷ್ಟನ್ನು ಹೀರುತ್ತಿದ್ದವು. ಆ ಸದ್ದು ಸಣ್ಣ ಮಳೆ ಬೀಳುವಂತಿತ್ತು. ಆ ರಾತ್ರಿ ಅವು ಬದುಕಿದವು, ಏಕೆಂದರೆ ಸೂರ್ಯ ಬಂದ. ಮರುದಿನ ಮೋಡ ಕವಿದಿದ್ದರೆ ಬದುಕುತ್ತಿರಲಿಲ್ಲ.

ಬೇಸಿಗೆ ಇದಕ್ಕೆ ಮೂರು ಬಗೆಯಲ್ಲಿ ಸೇರುತ್ತದೆ. ಬಿಸಿ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರ್‌ಗೆ 9.1 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯ ನೀರು 7.6 ಮಾತ್ರ, ನಮ್ಮ ಎತ್ತರದಲ್ಲಿ ಇದಕ್ಕಿಂತಲೂ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಅದೇ ಹೊತ್ತಿಗೆ ಬಿಸಿ ಹೆಚ್ಚಿದಷ್ಟೂ ಜೀವಿಗಳ ಉಸಿರಾಟದ ವೇಗ ಏರುತ್ತದೆ. ಮೂರನೆಯದು ಬಹಳ ಜನರ ಗಮನಕ್ಕೆ ಬಾರದ ಸಂಗತಿ. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರ ಗುಣದ ಅಳತೆ, ಒಂಬತ್ತಕ್ಕೆ ಏರುತ್ತದೆ, ಕೊಳಚೆಯಲ್ಲಿ ಬಂದ ಅಮೋನಿಯಾ ಪಿಎಚ್ ಏಳರಲ್ಲಿ ಬಹುಪಾಲು ನಿರಪಾಯ ರೂಪದಲ್ಲಿದ್ದು, ಒಂಬತ್ತರಲ್ಲಿ ಸುಮಾರು ಮೂರನೇ ಒಂದು ಪಾಲು ವಿಷರೂಪಕ್ಕೆ ತಿರುಗುತ್ತದೆ. ಮೀನು ಹಗಲು ಅಮೋನಿಯಾದಿಂದ ಕಿವಿರು ಸುಟ್ಟುಕೊಂಡು, ರಾತ್ರಿ ಉಸಿರು ಕಟ್ಟಿ ಸಾಯುತ್ತದೆ. ಮೊದಲ ಬೇಸಿಗೆ ಮಳೆ ಬಂದರಂತೂ ರಸ್ತೆ ಮತ್ತು ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂತ ಕೊಳೆ ಒಂದೇ ಸಲಕ್ಕೆ ಕೆರೆಗೆ ಬಿದ್ದು, ತಣ್ಣನೆಯ ಮಳೆನೀರು ಕೆಳಗಿಳಿದು ತಳದ ಆಮ್ಲಜನಕವಿಲ್ಲದ ನೀರನ್ನು ಮೇಲೆತ್ತುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಬದುಕಿ ಉಳಿಯುವುದು ಗಾಳಿಯನ್ನೇ ನುಂಗಬಲ್ಲ ಕೊರವ ಮೀನು ಮತ್ತು ಕ್ಯಾಟ್‌ಫಿಷ್ ಜಾತಿಯವು, ಮತ್ತೆ ಅರೆ ಉಸಿರಿನಲ್ಲೂ ಸಂತಾನ ಬೆಳೆಸುವ ಜಿಲೇಬಿ. ಹೀಗೆ ಹತ್ತಾರು ಜಾತಿಯ ಮೀನುಗಳಿದ್ದ ಕೆರೆ ಮೂರು ನಾಲ್ಕು ಜಾತಿಗಳ ಕೆರೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ನೀರಿನ ಮಾದರಿಯನ್ನು ಸಾಮಾನ್ಯವಾಗಿ ಕಚೇರಿ ವೇಳೆಯಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೆಗೆಯುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ‘ಡಿ’ ದರ್ಜೆಗೆ ಲೀಟರ್‌ಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ದಟ್ಟ ಹಸಿರು ಕೆರೆ ಹನ್ನೊಂದು ಗಂಟೆಗೆ ಆ ಒಂದು ಅಂಶದಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಆದ್ದರಿಂದ ಯಾರಾದರೂ ವರದಿ ತೋರಿಸಿ ಆಮ್ಲಜನಕ ಚೆನ್ನಾಗಿದೆ ಎಂದರೆ, ಎಷ್ಟು ಗಂಟೆಗೆ ಅಳೆದದ್ದು ಎಂದು ಮೊದಲು ಕೇಳಿ.

ಇನ್ನು, ಕೊಳಚೆ ಬರಲು ಆರಂಭವಾದ ದಿನವೇ ಕೆರೆ ಏಕೆ ಹಸಿರಾಗಲಿಲ್ಲ, ಹಲವು ವರ್ಷ ಚೆನ್ನಾಗಿಯೇ ಇದ್ದು ಒಂದೆರಡು ವರ್ಷಗಳಲ್ಲಿ ಏಕೆ ಕೆಟ್ಟಿತು? ಈ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ಮುಖ್ಯ. ಆಳವಿಲ್ಲದ ಕೆರೆಗೆ ಎರಡು ಸ್ಥಿರ ಸ್ಥಿತಿಗಳಿವೆ, ಗಿಡಗಳಿರುವ ತಿಳಿ ನೀರು ಒಂದು, ಪಾಚಿ ತುಂಬಿದ ಹಸಿರು ನೀರು ಇನ್ನೊಂದು. ಬೇರೂರಿದ ಗಿಡಗಳಿರುವ ತಿಳಿ ಕೆರೆ ತನ್ನ ತಿಳಿತನವನ್ನು ತಾನೇ ಕಾಯ್ದುಕೊಳ್ಳುತ್ತದೆ, ಬಂದ ಪೋಷಕಾಂಶವನ್ನು ಗಿಡಗಳೂ ತಳದ ಮಣ್ಣೂ ನುಂಗುತ್ತಾ ಹೋಗುತ್ತವೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿರುವುದರಿಂದ ಅದು ರಂಜಕವನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಹೀಗೆ ವರ್ಷಗಟ್ಟಲೆ ಕೆರೆ ಏನೂ ಆಗಿಲ್ಲವೆಂಬಂತೆ ತಾಳಿಕೊಳ್ಳುತ್ತದೆ. ಒಂದು ಮಿತಿ ದಾಟಿದಾಗ ಪಾಚಿ ಬೆಳಕನ್ನು ಮುಚ್ಚುತ್ತದೆ, ಗಿಡ ಸಾಯುತ್ತದೆ, ಗಿಡ ಹೋದೊಡನೆ ಗಾಳಿಗೆ ತಳದ ಕೆಸರು ಏಳುತ್ತದೆ, ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣದ ರಾಸಾಯನಿಕ ರೂಪ ಬದಲಾಗಿ, ಅದು ಇಷ್ಟು ವರ್ಷ ಹಿಡಿದಿಟ್ಟಿದ್ದ ರಂಜಕ ಬಿಡುಗಡೆಯಾಗಿ ನೀರಿಗೆ ಮರಳುತ್ತದೆ. ಅಂದಿನಿಂದ ಹೊರಗಿನ ಕೊಳಚೆಯ ಜೊತೆಗೆ ಕೆರೆಯ ತಳವೇ ಒಂದು ಕೊಳಚೆಯ ಮೂಲವಾಗುತ್ತದೆ. ಕೆರೆ ಕೆಟ್ಟ ದಾರಿ ಬೇರೆ, ಅದು ಮರಳಿ ಬರಬೇಕಾದ ದಾರಿ ಬೇರೆ. ಯಾವ ಮಟ್ಟದಲ್ಲಿ ಕೆಟ್ಟಿತೋ ಆ ಮಟ್ಟಕ್ಕೆ ಕೊಳೆಯನ್ನು ಇಳಿಸಿದರೆ ಸಾಲುವುದಿಲ್ಲ, ಅದಕ್ಕಿಂತ ಬಹಳ ಕೆಳಕ್ಕೆ ಇಳಿಸಬೇಕು.

ಇದನ್ನು ಕಣ್ಣಿನಿಂದಲೇ ನೋಡಬಹುದು. ಪಾರದರ್ಶಕ ಕೊಳವೆಯೊಂದನ್ನು ಇಂತಹ ಕೆರೆಯ ತಳಕ್ಕೆ ಒತ್ತಿ, ಮೇಲೆ ಬಿರಡೆ ಹಾಕಿ ಎಳೆದರೆ ಕೆರೆಯ ಚರಿತ್ರೆಯೇ ಕೊಳವೆಯಲ್ಲಿ ನಿಂತಿರುತ್ತದೆ. ಮೇಲಿನದು ಕಾಡಿಗೆಯಂತಹ ಕಪ್ಪು ಪದರ, ಮೃದು, ಬೆರಳಿಗೆ ಬೆಣ್ಣೆಯಂತೆ ಹತ್ತುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ನಡುನಡುವೆ ಪ್ಲಾಸ್ಟಿಕ್ ಹಾಳೆಯ ತುಣುಕು. ಆ ಕಪ್ಪು ನಿಲ್ಲುವ ಗೆರೆ ಕೆಲವೊಮ್ಮೆ ಚಾಕುವಿನಿಂದ ಕೊಯ್ದಂತೆ ಸ್ಪಷ್ಟವಾಗಿರುತ್ತದೆ. ಅದರ ಕೆಳಗೆ ಗಟ್ಟಿಯಾದ ಕಂದು ಜೇಡಿ, ಬೇರಿನ ಎಳೆಗಳು, ಬೆಳ್ಳಗಾದ ಬಸವನಹುಳುವಿನ ಚಿಪ್ಪುಗಳು. ಆ ಚಿಪ್ಪುಗಳನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಅವು ಬದುಕಿದ್ದ ನೀರು ಇದೇ ಜಾಗದಲ್ಲಿ, ಒಂದೆರಡು ತಲೆಮಾರಿನ ಹಿಂದೆ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡಯಾಟಮ್ ಎಂಬ ಏಕಕೋಶ ಪಾಚಿಗಳ ಗಾಜಿನಂತಹ ಕವಚಗಳು ಇದೇ ಕಥೆಯನ್ನು ಇನ್ನೂ ನಿಖರವಾಗಿ ಹೇಳುತ್ತವೆ. ಕೆಳಗಿನ ಪದರದಲ್ಲಿ ಶುದ್ಧ ನೀರಿನ ಜಾತಿಗಳು, ಮೇಲಕ್ಕೆ ಬಂದಂತೆ ಕೊಳಚೆ ತಾಳುವ ಜಾತಿಗಳು.

ಈಗ ಹವಾಮಾನ ಬದಲಾವಣೆಯ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಪ್ರಪಂಚದ 235 ಸರೋವರಗಳ ಅಧ್ಯಯನವೊಂದು 1985ರಿಂದ 2009ರವರೆಗೆ ಬೇಸಿಗೆಯ ಮೇಲ್ಮೈ ನೀರು ಸರಾಸರಿ ದಶಕಕ್ಕೆ 0.34 ಡಿಗ್ರಿಯಂತೆ ಬಿಸಿಯಾಗಿರುವುದನ್ನು ಕಂಡಿತು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿ ದಾಖಲೆಯಾಯಿತು. 2022ರಲ್ಲಿ ವಾಡಿಕೆಯ ಸುಮಾರು ಇಮ್ಮಡಿ ಮಳೆ ಸುರಿದು ಕೆರೆಗಳು ಒಡ್ಡು ಮೀರಿದವು, ಮರು ವರ್ಷವೇ ಬರ. ಮಳೆ ಕೆಲವೇ ದಿನಗಳಲ್ಲಿ ಸುರಿದರೆ ಕೆರೆಗೆ ನೀರಿಗಿಂತ ಮಣ್ಣು ಹೆಚ್ಚು ಬರುತ್ತದೆ, ಮಳೆ ಬಾರದ ವರ್ಷದಲ್ಲಿ ಕೊಳಚೆಯನ್ನು ತಿಳಿಗೊಳಿಸಲು ಹೊಸ ನೀರೇ ಇರುವುದಿಲ್ಲ. ನಮ್ಮ ಒಣ ಗಾಳಿಗೆ ತೆರೆದ ಕೆರೆಯಿಂದ ವರ್ಷಕ್ಕೆ ಒಂದೂವರೆ ಮೀಟರ್‌ಗೂ ಹೆಚ್ಚು ನೀರು ಆವಿಯಾಗುತ್ತದೆ, ಹೋಗುವುದು ನೀರು ಮಾತ್ರ, ಕೊಳೆ ಇಲ್ಲಿಯೇ ಸಾಂದ್ರವಾಗುತ್ತದೆ.

ಆದರೂ ನಿಮ್ಮ ಕೆರೆಯ ವಿಷಯದಲ್ಲಿ ಹವಾಮಾನ ಎರಡನೆಯ ಕಾರಣ, ಕೊಳಚೆ ಮೊದಲನೆಯದು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಅದೇ ಬಿಸಿಲು, ಅದೇ ಮಳೆ ಕಾಣುವ, ಆದರೆ ಮೇಲ್ಭಾಗದಲ್ಲಿ ಗೋಮಾಳವೋ ಗುಂಡುತೋಪೋ ಮಾತ್ರ ಉಳಿದಿರುವ ಕೆರೆಗಳು ಈ ತಾಲ್ಲೂಕಿನ ಸುತ್ತಮುತ್ತ ಇನ್ನೂ ಇವೆ, ಅವುಗಳ ನೀರು ಹೀಗಾಗಿಲ್ಲ. ಹವಾಮಾನದ ಬಿಸಿ ಬಲವಾದ ಕೆರೆಯನ್ನು ಕಾಡುತ್ತದೆ, ಬಲಹೀನವಾದ ಕೆರೆಯನ್ನು ಕೊಲ್ಲುತ್ತದೆ. ಎಲ್ಲವನ್ನೂ ಹವಾಮಾನದ ಮೇಲೆ ಹೊರಿಸಿ ಕೈಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಭೂಮಿಯ ಬಿಸಿಯನ್ನು ಒಂದು ಊರು ಇಳಿಸಲಾರದು, ಆದರೆ ರಾಜಕಾಲುವೆಯಲ್ಲಿ ಏನು ಹರಿಯಬೇಕು ಎಂಬುದನ್ನು ಒಂದು ಊರು ತೀರ್ಮಾನಿಸಬಲ್ಲದು.

ಹೂಳೆತ್ತುವ ಪ್ರಶ್ನೆಗೆ ಸ್ವೀಡನ್ನಿನ ಟ್ರುಮೆನ್ ಸರೋವರ ಒಳ್ಳೆಯ ಪಾಠ. ಅದರ ವಿಸ್ತೀರ್ಣ ಸುಮಾರು ಒಂದು ಚದರ ಕಿಲೋಮೀಟರ್, ನಿಮ್ಮ ಕೆರೆಯಂತೆಯೇ ಆಳವಿಲ್ಲದ್ದು. ಊರಿನ ಕೊಳಚೆಯನ್ನು 1950ರ ದಶಕದ ಕೊನೆಯಲ್ಲಿ ಪೂರ್ತಿ ತಡೆದರೂ ಹತ್ತು ವರ್ಷ ಅದು ಸುಧಾರಿಸಲಿಲ್ಲ, ಏಕೆಂದರೆ ತಳದ ಕಪ್ಪು ಪದರ ರಂಜಕವನ್ನು ಬಿಡುತ್ತಲೇ ಇತ್ತು. 1970 ಮತ್ತು 1971ರಲ್ಲಿ ಮೇಲಿನ ಸುಮಾರು ಒಂದು ಮೀಟರ್ ಪದರವನ್ನು ಎರಡು ಕಂತುಗಳಲ್ಲಿ ಹೀರಿ ತೆಗೆದ ಮೇಲೆ ಸರೋವರ ಚೇತರಿಸಿಕೊಂಡಿತು. ತೆಗೆದ ಹೂಳನ್ನು ಒಣಗಿಸಿ ತೋಟದ ಮಣ್ಣಾಗಿ ಬಳಸಿದರು. ನಮ್ಮ ರೈತರು ಎತ್ತಿನ ಗಾಡಿಯಲ್ಲಿ ಪ್ರತಿ ವರ್ಷ ಮಾಡುತ್ತಿದ್ದ ಕೆಲಸವದು. ಕೊಳಚೆ ತಡೆಯದೆ ಹೂಳೆತ್ತಿದರೆ ಹಣ ನೀರಿನಲ್ಲಿ ಹಾಕಿದಂತೆ, ಮೊದಲ ಮೂರು ವರ್ಷಗಳಲ್ಲೇ ಹೊಸ ಕಪ್ಪು ಪದರ ಕೂರುತ್ತದೆ. ಕೊಳಚೆ ತಡೆದು ಹೂಳೆತ್ತದಿದ್ದರೆ ಬಹಳ ಕಾಲ ಕಾಯಬೇಕು. ಎರಡೂ ಬೇಕು, ಆದರೆ ಈ ಕ್ರಮದಲ್ಲಿ.

ಹೂಳೆತ್ತುವ ರೀತಿಯ ಬಗ್ಗೆಯೂ ಒಂದು ಮಾತು. ಈಚೆಗೆ ಅನೇಕ ಕೆರೆಗಳನ್ನು ಜೆಸಿಬಿ ಇಳಿಸಿ ಸುತ್ತಲೂ ಕಡಿದಾಗಿ ಕೊರೆದು, ಅಂಚಿಗೆ ಕಲ್ಲು ಕಟ್ಟಿ, ಮೇಲೆ ನಡಿಗೆಯ ದಾರಿ ಮಾಡಿ, ಬಟ್ಟಲಿನಂತಾಗಿಸುತ್ತಿದ್ದಾರೆ. ಕೆರೆಯ ಜೀವವೆಲ್ಲ ಇರುವುದು ಮೊಣಕಾಲು ಮಟ್ಟದ ಅಂಚಿನ ನೀರಿನಲ್ಲಿ. ಜೊಂಡು ಬೆಳೆಯುವುದು ಅಲ್ಲಿ, ಮೀನು ಮೊಟ್ಟೆಯಿಡುವುದು ಅಲ್ಲಿ, ದೇವನಕ್ಕಿ ಗೂಡು ಕಟ್ಟುವುದು ಅಲ್ಲಿ. ಆ ಇಳಿಜಾರನ್ನು ಕೊಯ್ದು ತೆಗೆದರೆ ಕೆರೆ ಹೆಚ್ಚು ನೀರು ಹಿಡಿಯಬಹುದು, ಆದರೆ ಹೆಜ್ಜಾರ್ಲೆ ಮತ್ತು ನೀರುಕಾಗೆಗಳಂತೆ ತೆರೆದ ನೀರಿನಲ್ಲಿ ಮೀನು ಹಿಡಿಯುವ ಹಕ್ಕಿಗಳಷ್ಟೇ ಉಳಿಯುತ್ತವೆ. ನಿಮ್ಮೂರಿನಲ್ಲಿ ಹೂಳೆತ್ತುವಾಗ ಕಪ್ಪು ಪದರವನ್ನು ಮಾತ್ರ ತೆಗೆಯಲಿ, ಕಂದು ಜೇಡಿಯನ್ನು ಮುಟ್ಟದಿರಲಿ. ನೀರನ್ನು ತಳಕ್ಕಿಳಿಯದಂತೆ ಹಿಡಿದಿರುವುದೂ ಆ ಜೇಡಿಯೇ. ಮೇಲ್ಭಾಗದಲ್ಲಿ ಜಿಗಣಿ, ಬೊಮ್ಮಸಂದ್ರದಂತಹ ಕೈಗಾರಿಕಾ ಪ್ರದೇಶದ ನೀರು ಸೇರುವ ಕೆರೆಯಾಗಿದ್ದರೆ ಹೂಳಿನಲ್ಲಿ ಭಾರಲೋಹಗಳಿವೆಯೇ ಎಂದು ಪರೀಕ್ಷಿಸಿದ ನಂತರವೇ ಹೊಲಕ್ಕೆ ಹಾಕಬೇಕು.

ಕೊಳಚೆ ತಡೆಯುವುದು ಎಂದರೆ ಸಂಸ್ಕರಣಾ ಘಟಕ ಕಟ್ಟಿದರೆ ಮುಗಿಯಿತು ಎಂದು ತಿಳಿಯಬೇಡಿ. ಸಾಮಾನ್ಯ ಎರಡನೇ ಹಂತದ ಸಂಸ್ಕರಣೆ ನೀರಿನ ವಾಸನೆ ಮತ್ತು ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ರಂಜಕದ ಬಹುಪಾಲು ಹಾಗೆಯೇ ಹಾದುಹೋಗುತ್ತದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರವನ್ನು ಕೆಡಿಸಿದ್ದು ಹೀಗೆ ಸಂಸ್ಕರಿಸಿದ ನೀರೇ. 1963ರಿಂದ 1968ರ ನಡುವೆ ಅದನ್ನು ಸರೋವರದಿಂದ ಪೂರ್ತಿ ಬೇರೆಡೆಗೆ ತಿರುಗಿಸಿದರು. ಒಂದು ಮೀಟರ್ ಆಳದವರೆಗೆ ಮಾತ್ರ ಕಾಣುತ್ತಿದ್ದ ನೀರು 1970ರ ದಶಕದ ಆರಂಭಕ್ಕೆ ಮೂರು ಮೀಟರ್ ತಿಳಿಯಾಯಿತು, 1976ರ ನಂತರ ಡಾಫ್ನಿಯಾ ಎಂಬ ಪಾಚಿ ತಿನ್ನುವ ಸೂಕ್ಷ್ಮಪ್ರಾಣಿ ಹೆಚ್ಚಿ ಇನ್ನೂ ತಿಳಿಯಾಯಿತು. ಆದರೆ ಅದು ಆಳವಾದ, ತಣ್ಣನೆಯ ಸರೋವರ. ನಮ್ಮ ಬಿಸಿ ನೀರಿನಲ್ಲಿ ಮೀನುಗಳು ವರ್ಷವಿಡೀ ಮರಿ ಹಾಕಿ ಇಂತಹ ಸೂಕ್ಷ್ಮಪ್ರಾಣಿಗಳನ್ನು ತಿಂದು ಮುಗಿಸುವುದರಿಂದ ಆ ನೆರವು ನಮಗೆ ಅಷ್ಟಾಗಿ ಸಿಗುವುದಿಲ್ಲ. ನಮಗೆ ಸಿಗುವ ನೆರವು ಗಿಡಗಳದು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಆಪು ಮತ್ತು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ಇದೆ. ಅಂತಹ ಜೌಗು ಕೆಲಸ ಮಾಡಬೇಕಾದರೆ ಬೆಳೆದ ಗಿಡವನ್ನು ನಿಯಮಿತವಾಗಿ ಕೊಯ್ದು ಹೊರಗೆ ಸಾಗಿಸಬೇಕು, ಇಲ್ಲವಾದರೆ ಅದು ಕೊಳೆತು ಹೀರಿದ್ದನ್ನೆಲ್ಲ ಮರಳಿಸುತ್ತದೆ. ಕಳೆಯನ್ನು ಕಿತ್ತು ಏರಿಯ ಮೇಲೆಯೇ ರಾಶಿ ಹಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರಂಜಿಯಂತಹ ಗಾಳಿಯಂತ್ರಗಳು ಒಂದು ರಾತ್ರಿಯ ಮೀನುಗಳನ್ನು ಉಳಿಸಬಹುದು, ಕೆರೆಯನ್ನು ಉಳಿಸಲಾರವು.

ನಾನು ನಿಮ್ಮೂರಿನವನಾಗಿದ್ದರೆ ಕೊಳಚೆಯನ್ನು ಬೇರೆ ಕಾಲುವೆಯಲ್ಲಿ ಕೆರೆಯ ಪಕ್ಕದಿಂದ ಹಾಯಿಸಿ, ಒಂದು ಬೇಸಿಗೆ ತೂಬು ಪೂರ್ತಿ ತೆರೆದು ಕೆರೆಯನ್ನು ಒಣಗಲು ಬಿಡಬೇಕೆಂದು ಹಟ ಹಿಡಿಯುತ್ತಿದ್ದೆ. ಇದನ್ನು ಹೇಳಿದಾಗ ಜನ ಬೆಚ್ಚುತ್ತಾರೆ, ತುಂಬಿದ ಕೆರೆಯನ್ನು ಯಾರು ಬರಿದು ಮಾಡುತ್ತಾರೆ ಎಂದು. ಆದರೆ ಒಂದು ಬೇಸಿಗೆಯ ಬಿಸಿಲು ಕಪ್ಪು ಕೆಸರಿಗೆ ಮಾಡುವ ಚಿಕಿತ್ಸೆಯನ್ನು ಯಾವ ಯಂತ್ರವೂ ಮಾಡಲಾರದು, ಜಿಲೇಬಿ ಮೀನನ್ನು ಕೆರೆಯಿಂದ ಪೂರ್ತಿ ತೆಗೆಯಲು ಇದಕ್ಕಿಂತ ಸುಲಭದ ದಾರಿಯೂ ಇಲ್ಲ. ಮುಂದೆಯೂ ಮೂರು ನಾಲ್ಕು ವರ್ಷಕ್ಕೊಮ್ಮೆ ಹಾಗೆ ಒಣಗಲು ಬಿಡಬೇಕು.

ಕಾಲದ ಪ್ರಶ್ನೆಗೆ ಬಂದರೆ, ಕೊಳಚೆ ನಿಂತು ಕಪ್ಪು ಪದರ ಹೋದ ಮೇಲೆ ಎರಡು ಮೂರು ಮಳೆಗಾಲಗಳಲ್ಲಿ ನೀರಿನ ಬಣ್ಣ ಬದಲಾಗಬಹುದು, ಗಿಡಗಳು ಬೇರೂರಲು ಐದಾರು ವರ್ಷ, ಮೀನು ಮತ್ತು ಹಕ್ಕಿಗಳ ಹಳೆಯ ವೈವಿಧ್ಯ ಬರಲು ಅದಕ್ಕೂ ಹೆಚ್ಚು. ಮೇಲಿನ ಮತ್ತು ಕೆಳಗಿನ ಕೆರೆಗಳಲ್ಲಿ ಆ ಜೀವಿಗಳು ಉಳಿದಿದ್ದರೆ ಮಾತ್ರ. ಅಲ್ಲಿಯವರೆಗೆ ನೀವೇ ಅಳೆಯುತ್ತಿರಿ. ಇಪ್ಪತ್ತು ಸೆಂಟಿಮೀಟರ್ ಅಗಲದ ತಟ್ಟೆಯೊಂದಕ್ಕೆ ನಾಲ್ಕು ಪಾಲು ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗಿಳಿಸಿದರೆ, ಅದು ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಇಟಲಿಯ ಏಂಜೆಲೊ ಸೆಕ್ಕಿ 1865ರಲ್ಲಿ ಪ್ರಯೋಗಿಸಿದ ಈ ವಿಧಾನಕ್ಕೆ ಇಂದಿಗೂ ಸಾಟಿಯಿಲ್ಲ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಿರಿ. ಆಮ್ಲಜನಕದ ಪರೀಕ್ಷೆಯ ಕಿಟ್ ಮೀನು ಸಾಕಣೆಯ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಮಾತ್ರ ಸೂರ್ಯ ಹುಟ್ಟುವ ಮೊದಲು ತೂಬಿನ ಬಳಿ ಬಳಸಿ. ನಿಮ್ಮ ಮೊದಲ ವರ್ಷದ ಹನ್ನೆರಡು ಅಂಕಿಗಳು ಸಿದ್ಧವಾದಾಗ ನನಗೆ ಕಳುಹಿಸಿದರೆ, ಕೆರೆ ಯಾವ ಹಂತದಲ್ಲಿದೆ, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಇಂದಿಗಿಂತ ನಿಖರವಾಗಿ ಬರೆದು ತಿಳಿಸುತ್ತೇನೆ.